ಚಿತ್ರಕ್ಕೂ ಒಂದು ನೆಲ ಬೇಕು

ಮಾದಿಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಅವ್ವನ ಚಿತ್ರವೊಂದಿದೆ. ಚಿತ್ರವೆಂದರೆ ಮುಖವಷ್ಟೇ, ಕೊರಳಿನಿಂದ ಕೆಳಗೆ ಏನೂ ಉಳಿದಿಲ್ಲ. ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದ ನಾನು 1986ರ ರಜೆಯಲ್ಲಿ ಊರಿಗೆ ಬಂದಾಗ, ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅವ್ವನನ್ನು ನಾಲ್ಕು ಮಧ್ಯಾಹ್ನ ಕದಲಗೊಡದೆ ಬರೆದ ಚಿತ್ರವದು. ಕ್ಯಾನ್ವಾಸ್ ಕೊಳ್ಳಲು ಹಣವಿರಲಿಲ್ಲ. ಮುರಿದ ಕಿಟಕಿಯ ಪಟ್ಟಿಗಳಿಗೆ ಕೋರಾ ಬಟ್ಟೆಯನ್ನು ಮೊಳೆ ಹೊಡೆದು ಬಿಗಿದು, ಅದರ ಮೇಲೆ ನೇರವಾಗಿ ತೈಲವರ್ಣ ಬಳಿದೆ. ಅವ್ವ ತೀರಿಕೊಂಡದ್ದು 1997ರಲ್ಲಿ. ಸುಣ್ಣ ಬಳಿಯಲೆಂದು 2008ರಲ್ಲಿ ಚಿತ್ರವನ್ನು ಗೋಡೆಯಿಂದ ಇಳಿಸಿದಾಗ, ಕಂದಿದ್ದ ಬಟ್ಟೆ ಹಪ್ಪಳದಂತೆ ಮುರಿದು ನೆಲಕ್ಕೆ ಉದುರಿತು. ಕೈಗೆ ಸಿಕ್ಕ ಮುಖವನ್ನು ಪ್ಲೈವುಡ್ಡಿನ ಮೇಲೆ ಅಂಟಿಸಿದೆ. ಎಡಗೆನ್ನೆಯ ಬಳಿ ಎದ್ದ ಗುಳ್ಳೆ ಇಂದಿಗೂ ಹಾಗೆಯೇ ಇದೆ.

ತಪ್ಪು ಬಟ್ಟೆಯದಲ್ಲ, ನನ್ನದು. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಆ ಎಣ್ಣೆ ಹತ್ತಿಯ ಎಳೆಗೆ ಇಳಿದರೆ ಎಳೆಯೂ ವರ್ಷಗಳು ಕಳೆದಂತೆ ಕಂದಿ, ಬಲಗುಂದಿ, ಪುಡಿಯಾಗುತ್ತದೆ. ಆದ್ದರಿಂದಲೇ ಬಟ್ಟೆಗೂ ಬಣ್ಣಕ್ಕೂ ನಡುವೆ ಅಂಟಿನದೊಂದು ಲೇಪ, ಅದರ ಮೇಲೆ ಬಿಳಿಯದೊಂದು ನೆಲ ಬೇಕು. ತರಗತಿಯಲ್ಲಿ ಇದನ್ನು ಹೇಳಿದ್ದರು. ಬರೆಯುವ ಆತುರದಲ್ಲಿದ್ದ ನನಗೆ ಅದು ಬಣ್ಣ ಬಳಿಯುವ ಕೂಲಿಯ ಕೆಲಸವಾಗಿ ಕಂಡಿತ್ತು.

ನಮ್ಮ ಹಿರಿಯರಿಗೆ ಹಾಗೆ ಕಂಡಿರಲಿಲ್ಲ. ಮೈಸೂರು ಶೈಲಿಯ ಚಿತ್ರಕಾರರು ಹಲಗೆಯ ಮೇಲೆ ಕಾಗದ ಅಂಟಿಸಿ, ಹದಗೊಳಿಸಿ, ಸುಟ್ಟ ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಎಳೆದ ಮೇಲೆಯೇ ಬಣ್ಣ ಮುಟ್ಟುತ್ತಿದ್ದರು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗೆ ಹುಣಸೆ ಬೀಜದ ಅಂಟಿನಲ್ಲಿ ಕಲೆಸಿದ ಕಲ್ಲಿನ ಪುಡಿಯ ಲೇಪ ಕೊಟ್ಟ ನಂತರ ಬಣ್ಣ ಹಚ್ಚುತ್ತಾರೆ. ನಮ್ಮ ಹಿತ್ತಿಲ ಹುಣಸೆ ಮರವೇ ಒಂದೆಡೆ ರೇಖೆಯಾಗಿ, ಇನ್ನೊಂದೆಡೆ ಅಂಟಾಗಿ ಕಲೆಗೆ ಒದಗಿದೆ. ನಮ್ಮೂರಿಗೆ ನೆರೆಯ ಹಳೇಬೀಡು, ಬೇಲೂರುಗಳ ಶಿಲ್ಪಿಗಳೂ ಮೊದಲು ಒಲಿಸಿಕೊಂಡದ್ದು ಕಲ್ಲನ್ನೇ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಬಳಪದ ಕಲ್ಲಿನ ಗುಣವನ್ನು ಅವರು ಅರಿಯದಿದ್ದರೆ, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಸೂಕ್ಷ್ಮ ಕೆತ್ತನೆ ನಮಗೆ ಉಳಿಯುತ್ತಿರಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಹೆಸರು ಕೆತ್ತಿದ್ದಾರೆ. ಹೆಸರು ಒಂಬತ್ತು ಶತಮಾನ ನಿಂತಿದೆ. ನಾನು ಅವ್ವನ ಚಿತ್ರದ ಮೂಲೆಯಲ್ಲಿ ಹಾಕಿದ್ದ ಸಹಿ ಇಪ್ಪತ್ತೆರಡು ವರ್ಷವೂ ಬಾಳಲಿಲ್ಲ.

ಆ ನಷ್ಟದ ನಂತರ ನಾನು ಕ್ಯಾನ್ವಾಸ್ ಮಾಡುವುದನ್ನು ಮೊದಲಿನಿಂದ ಕಲಿತೆ. ಗುರು, ನಮ್ಮೂರಿನ ಬಡಗಿ. ನಾಲ್ಕು ರೀಪು ಹಿಡಿದು ಹೋದಾಗ ಅವರು ಕೇಳಿದ್ದು, ‘ಏನು ಮೇಷ್ಟ್ರೇ, ಇದು ಕಿಟಕಿಗೋ, ದೇವರ ಫೋಟೋಗೋ?’ ಮೂಲೆಗಳನ್ನು ಓರೆಯಾಗಿ ಕೊಯ್ದು ಜೋಡಿಸಿದ ಮೇಲೆ, ಮೂಲೆಮಟ್ಟವನ್ನು ಬದಿಗಿಟ್ಟು ಒಂದು ದಾರ ತೆಗೆದರು. ಎದುರು ಬದುರು ಮೂಲೆಗಳ ನಡುವೆ ಎರಡೂ ಕಡೆ ಅಳೆದರು. ಎರಡು ಅಳತೆಯೂ ಒಂದೇ ಆದರೆ ಚೌಕಟ್ಟು ಸೊಟ್ಟಗಿಲ್ಲವೆಂದು ಅರ್ಥ. ರೀಪಿನ ಒಳ ಅಂಚನ್ನು ಸ್ವಲ್ಪ ಇಳಿಜಾರಾಗಿ ಕೀಸಬೇಕೆಂದು ನಾನು ಹೇಳಿದೆ. ಇಲ್ಲವಾದರೆ ಅಂಚು ಬಟ್ಟೆಗೆ ತಾಗಿ, ಚಿತ್ರದ ಮೇಲೆ ಗೆರೆ ಮೂಡುತ್ತದೆ.

ಬಟ್ಟೆ ಬಿಗಿಯುವುದು ಮೂಲೆಯಿಂದಲ್ಲ, ನಡುವಿನಿಂದ. ಒಂದು ಬದಿಯ ನಡುವೆ ಒಂದು ಮೊಳೆ, ಎದುರು ಬದಿಗೆ ಎಳೆದು ಇನ್ನೊಂದು. ಉಳಿದೆರಡು ಬದಿಗೂ ಹಾಗೆಯೇ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಮೂಲೆಗೆ ಸಾಗಬೇಕು. ಬೆರಳಿನಿಂದ ತಟ್ಟಿದರೆ ಸದ್ದು ಬರಬೇಕು. ತಮಟೆಯನ್ನು ಬೆಂಕಿಗೆ ಹಿಡಿದು ಹದ ನೋಡುವವರಿಗೆ ಈ ಬಿಗಿಯನ್ನು ವಿವರಿಸಬೇಕಾಗಿಲ್ಲ. ಆಮೇಲೆ ನೀರಿನಲ್ಲಿ ತೆಳುವಾಗಿಸಿದ ಬಡಗಿಯ ಬಿಳಿ ಅಂಟಿನ ಒಂದು ಲೇಪ. ಅದು ಒಣಗಿದ ಮೇಲೆ ಚಾಕ್ ಪುಡಿ, ಅಂಟು, ಬಿಳಿಯ ಅಕ್ರಿಲಿಕ್ ಬಣ್ಣ ಕಲೆಸಿದ ಎರಡು ಮೂರು ಲೇಪ. ಒಂದನ್ನು ಅಡ್ಡಲಾಗಿ ಬಳಿದರೆ ಮತ್ತೊಂದನ್ನು ಉದ್ದಕ್ಕೆ. ನಡುನಡುವೆ ಉಪ್ಪುಕಾಗದದ ಹಗುರ ಉಜ್ಜು. ಅವಸರಪಟ್ಟು ದಪ್ಪಗೆ ಬಳಿದರೆ ಬಿರುಕು ಖಚಿತ. ತೇವ ಏರಿಳಿದಂತೆ ಬಟ್ಟೆ ಸಡಿಲವಾಗುವುದುಂಟು. ಅದಕ್ಕೆಂದೇ ದೊಡ್ಡ ಕ್ಯಾನ್ವಾಸುಗಳ ಮೂಲೆಗಳನ್ನು ಅಂಟಿಸದೆ, ಚಿಕ್ಕ ಬೆಣೆ ಬಡಿದು ಬಿಗಿ ಮಾಡುವಂತೆ ಬಿಡುತ್ತಾರೆ.

ಕಟ್ಟು ಹಾಕುವುದರಲ್ಲೂ ವಿವೇಕ ಬೇಕು. ಚಿನ್ನದ ಬಣ್ಣದ ಪಟ್ಟಿ ಕಂಡರೆ ನಮಗೆ ಮೋಹ ಹೆಚ್ಚು. ಅದು ಎಷ್ಟೋ ಸಲ ಚಿತ್ರವನ್ನೇ ನುಂಗುತ್ತದೆ. ತೈಲಚಿತ್ರಕ್ಕೆ ಸಾಮಾನ್ಯವಾಗಿ ಗಾಜು ಬೇಕಿಲ್ಲ. ಜಲವರ್ಣಕ್ಕೆ ಬೇಕು, ಆದರೆ ಗಾಜು ಕಾಗದಕ್ಕೆ ತಾಗಬಾರದು. ತಾಗಿದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಗೋಡೆ ಬೆವರುವ ನಮ್ಮ ಕಡೆ, ಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಎರಡು ಮರದ ಚೂರು ಅಂಟಿಸಿದರೆ ಗಾಳಿಯಾಡುತ್ತದೆ.

ಇಂದು ಸಿದ್ಧ ಕ್ಯಾನ್ವಾಸ್ ಫೋನಿನಲ್ಲಿ ಬೆರಳಾಡಿಸಿದರೆ ಮನೆಗೆ ಬರುತ್ತದೆ. ಈ ಪಾಡು ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಸಮಯವಿಲ್ಲದವರು ಕೊಳ್ಳಲಿ. ಆದರೆ ಶಿಕ್ಷಕನಾಗಿ ನಾನು ಕಂಡದ್ದು ಬೇರೆ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಗೆ ಕಾಗದದ ಮೇಲೆ ಸೊಗಸಾಗಿ ಬರೆಯುವ ಹಳ್ಳಿಯ ಮಕ್ಕಳ ಕೈಗೆ ಕೊಂಡು ತಂದ ಕ್ಯಾನ್ವಾಸ್ ಕೊಟ್ಟರೆ ಕೈ ನಡುಗುತ್ತಿತ್ತು. ‘ಕೆಟ್ಟರೆ ದುಡ್ಡು ಹಾಳಲ್ವಾ ಸಾರ್?’ ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದ ಹುಡುಗಿಯೊಬ್ಬಳು ಕೇಳಿದ್ದಳು. ಒಂದು ಶನಿವಾರ ಅವರಿಂದಲೇ ರೀಪು ಕೊಯ್ಸಿ, ಬಟ್ಟೆ ಬಿಗಿಸಿ, ನೆಲ ಬಳಿಸಿದೆ. ಉಳಿದ ಚೂರುಗಳಿಂದ ಚಿಕ್ಕ ಕಟ್ಟುಗಳನ್ನೂ, ಬಟ್ಟೆಯಿಂದ ಕುಂಚ ಸುತ್ತಿಡುವ ಚೀಲಗಳನ್ನೂ ಮಾಡಿದರು. ಮುಂದಿನ ವಾರ ಅದೇ ಹುಡುಗಿ ಹೆದರದೆ ಬಣ್ಣ ಹಚ್ಚಿದಳು. ಕೆಟ್ಟರೆ ಮೇಲೆ ಬಿಳಿ ಬಳಿಯಬಹುದೆಂದು ಅವಳಿಗೆ ಗೊತ್ತಿತ್ತು. ಬಳಿದವಳೂ ಅವಳೇ ಆಗಿದ್ದಳಲ್ಲ!

ಬಡಮಕ್ಕಳಿಗೆ ಬಣ್ಣದ ಪೆಟ್ಟಿಗೆ ಹಂಚುವ ಸಹೃದಯರು ನಮ್ಮಲ್ಲಿದ್ದಾರೆ, ಅವರಿಗೆ ನಮಸ್ಕಾರ. ಜೊತೆಗೆ ಒಂದು ಗರಗಸ, ಒಂದು ಸುತ್ತಿಗೆ, ಹತ್ತು ಗಜ ಕೋರಾ ಬಟ್ಟೆಯನ್ನೂ ಕೊಡಲಿ ಎಂಬುದು ನನ್ನ ವಿನಂತಿ. ಚಿತ್ರಕಲಾ ತರಗತಿಗೆ ಊರಿನ ಬಡಗಿಯನ್ನು ವರ್ಷಕ್ಕೆ ಎರಡು ದಿನ ಗೌರವದಿಂದ ಕರೆದರೆ, ಕಲೆ ಬೇರೆ ಕಸುಬು ಬೇರೆ ಎಂಬ ಸುಳ್ಳು ಮಕ್ಕಳ ತಲೆಗೆ ಹೊಗುವುದಿಲ್ಲ.

ನನ್ನ ವಿದ್ಯಾರ್ಥಿಗಳು ಈಗ ಕ್ಯಾನ್ವಾಸಿನ ಹಿಂಬದಿಯಲ್ಲಿ ಬಟ್ಟೆ ಯಾವುದು, ಎಷ್ಟು ಲೇಪ, ಯಾವ ದಿನ ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತಾರೆ. ಯಾಕೆಂದು ಕೇಳುವ ಹೊಸಬರಿಗೆ ನಾನು ಉತ್ತರ ಹೇಳುವುದಿಲ್ಲ. ಮನೆಗೆ ಕರೆತಂದು ಅವ್ವನ ಎಡಗೆನ್ನೆಯನ್ನು ತೋರಿಸುತ್ತೇನೆ.