ಆಷಾಢದಲ್ಲಿ ನೋಡಿ ಮನೆ ಕೊಳ್ಳಿರಿ
ಕಾರವಾರ–ಅಂಕೋಲೆಗಳಲ್ಲಿ ನೆಲೆಸಬಯಸುವ ಕುಟುಂಬಗಳಿಗೆ ಕೆಲವು ಮಾತು

ಗೃಹಸ್ಥನು ತನ್ನ ಜೀವಮಾನದಲ್ಲಿ ಮಾಡುವ ಅತಿದೊಡ್ಡ ಖರೀದಿಯೆಂದರೆ ಮನೆ. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ ನೋಡುವ, ಜೋಳ ಕೊಳ್ಳುವಾಗ ಬೊಗಸೆಯಲ್ಲಿ ಹಿಡಿದು ಪರೀಕ್ಷಿಸುವ ನಮ್ಮ ಮನೆತನಗಳು ಮನೆಯ ವಿಷಯದಲ್ಲಿ ಮಾತ್ರ ಬಣ್ಣದ ಚಿತ್ರಪಟಕ್ಕೂ ಮಧ್ಯವರ್ತಿಯ ಸವಿಮಾತಿಗೂ ಮರುಳಾಗುವುದುಂಟು. ನಿವೃತ್ತಿಯ ಹಣವನ್ನೋ, ಪಿತ್ರಾರ್ಜಿತ ಹೊಲ ಮಾರಿ ಬಂದ ಹಣವನ್ನೋ ಒಮ್ಮೆ ತೊಡಗಿಸಿದ ಮೇಲೆ ತಿದ್ದಿಕೊಳ್ಳಲು ಎರಡನೆಯ ಅವಕಾಶವಿರುವುದಿಲ್ಲ.

ಧಾರವಾಡ, ಗದಗ, ಹಾವೇರಿ, ಬೆಳಗಾವಿಯ ಕಡೆಗಳಿಂದ ಉದ್ಯೋಗ ನಿಮಿತ್ತ ಘಟ್ಟವಿಳಿದು ಬಂದ ಅನೇಕ ಬಂಧುಗಳು ಇಂದು ಕಡಲ ದಂಡೆಯಲ್ಲೇ ನೆಲೆ ನಿಲ್ಲುವ ವಿಚಾರದಲ್ಲಿದ್ದಾರೆ. ಜಿಲ್ಲಾ ಕೇಂದ್ರವಾದ ಕಾರವಾರದ ಕಚೇರಿಗಳು, ಕೈಗಾ ಅಣುವಿದ್ಯುತ್ ಸ್ಥಾವರ, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ, 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ, 2016ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಇವೆಲ್ಲವೂ ಈ ಊರಿಗೆ ಹೊಸ ಕುಟುಂಬಗಳನ್ನು ಕರೆತಂದಿವೆ. ಸುಮಾರು 35 ಕಿಲೋಮೀಟರು ದಕ್ಷಿಣದ ಅಂಕೋಲೆಯಾದರೋ ಹುಬ್ಬಳ್ಳಿಯ ಹೆದ್ದಾರಿ ಬಂದು ಸೇರುವ ಊರು. ದಿನಕರ ದೇಸಾಯಿಯವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆ, ಕಾಲೇಜುಗಳಿಂದ ಮಕ್ಕಳ ವಿದ್ಯೆಗೂ ಅನುಕೂಲವಾದುದು. ಹಂಚಿನ ಮನೆಗಳಿದ್ದ ಹಿತ್ತಲುಗಳಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿರುವುದು ಈ ಕಾರಣದಿಂದಲೇ. ಇಲ್ಲಿ ವಿಶಾಲವಾದ, ಶಾಂತವಾದ ಮನೆಯನ್ನು ಆರಿಸುವುದು ಹೇಗೆ ಎಂಬುದೇ ಪ್ರಸ್ತುತ ವಿಚಾರ.

ವಿಶಾಲತೆಯ ಲೆಕ್ಕ

ಮಾರುವವರು ಹೇಳುವ ಚದರ ಅಡಿಗೂ ನಾವು ನಡೆದಾಡುವ ಚದರ ಅಡಿಗೂ ಅಂತರವಿದೆ. ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲನ್ನೂ ಕೂಡಿಸಿ 1,500 ಚದರ ಅಡಿ ಎಂದು ಹೇಳಿದ ಮನೆಯೊಳಗೆ 1,050 ಮಾತ್ರ ದೊರೆತರೆ ಆಶ್ಚರ್ಯಪಡಬೇಕಾಗಿಲ್ಲ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಅಂದರೆ ಜನರು ರೇರಾ ಎಂದು ಕರೆಯುವ ಶಾಸನವು, ‘ಕಾರ್ಪೆಟ್ ಏರಿಯಾ’ ಎಂಬ ಒಂದೇ ಅಳತೆಯನ್ನು ನಿಗದಿಗೊಳಿಸಿದೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿಗಳನ್ನು ಬಿಟ್ಟು, ಒಳಗಿನ ಅಡ್ಡಗೋಡೆಗಳನ್ನು ಸೇರಿಸಿ ಬರುವ ಬಳಕೆಯ ನೆಲವಿದು. ಬೆಲೆಯನ್ನು ಈ ಅಂಕಿಯಿಂದ ಭಾಗಿಸಿ ನೋಡಿದಾಗಲೇ ಎರಡು ಮನೆಗಳ ನಿಜವಾದ ಹೋಲಿಕೆ ಸಾಧ್ಯ. ವೃದ್ಧ ತಂದೆತಾಯಿಗಳಿಗೆ ಸ್ನಾನಗೃಹದ ಸಮೀಪದ ಕೋಣೆ, ಲಿಂಗಪೂಜೆಗೆ ಸದ್ದಿಲ್ಲದ ಒಂದು ಮೂಲೆ, ಬಂಧುಗಳು ಬಂದಾಗ ಹಾಸಿಗೆ ಹಾಸುವಷ್ಟು ನಡುಮನೆ ಇವು ಉಳ್ಳ ಮನೆಯೇ ವಿಶಾಲ ಮನೆ.

ಮಳೆಯೇ ಪರೀಕ್ಷಕ

ಮಾಘ ಮಾಸದಲ್ಲಿ ಕಾರವಾರದಷ್ಟು ರಮ್ಯವಾದ ಊರು ವಿರಳ. ಯುವಕ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ಇದ್ದು, ಈ ಕಡಲಿಗೆ ಮನಸೋತದ್ದು ಪ್ರಸಿದ್ಧವೇ ಆಗಿದೆ. ಆದರೆ ಮನೆ ಕೊಳ್ಳುವವನು ಈ ಊರನ್ನು ಆಷಾಢದಲ್ಲಿ ನೋಡತಕ್ಕದ್ದು. ಇಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,000 ಮಿಲಿಮೀಟರು ಮಳೆ ಸುರಿಯುತ್ತದೆ. ಧಾರವಾಡದ ಮಳೆಯ ಮೂರು ಪಟ್ಟಿಗೂ ಇದು ಹೆಚ್ಚು. ಯಾವ ಗೋಡೆ ಒಸರುತ್ತದೆ, ಯಾವ ಕಿಟಕಿಯಿಂದ ಎರಚಲು ಹೊಡೆಯುತ್ತದೆ, ಯಾವ ರಸ್ತೆಯಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಆ ತಿಂಗಳು ಮುಚ್ಚಿಡಲಾರದು. ಆಷಾಢವು ಮನೆಯ ಮಾತುಕತೆಗೆ ಅಶುಭವೆಂದು ಹಿಂಜರಿಯುವವರುಂಟು. ಶುಭಾಶುಭ ಕಾಲಗಳ ಭೇದವನ್ನು ಶರಣರು ಮನ್ನಿಸಲಿಲ್ಲವೆಂಬುದನ್ನು ಅಂಥವರು ನೆನೆಯಬೇಕು.

ಉಪ್ಪುಗಾಳಿಯ ವಿಚಾರವೂ ಇದರೊಡನೆಯೇ ಬರುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ತಾರಸಿಯ ಅಡಿಯ ಗಾರೆ ಹೋಳಾಗಿ ಬೀಳುತ್ತದೆ. ಹತ್ತು ಹದಿನೈದು ವರ್ಷದ ಹಳೆಯ ಮನೆಯಾದರೆ ಬಾಲ್ಕನಿಯ ಅಡಿಯನ್ನೂ ಕಂಬಗಳ ಬುಡವನ್ನೂ ಒಬ್ಬ ಇಂಜಿನಿಯರರಿಗೆ ತೋರಿಸುವುದು ಲೇಸು. ಗಾಳಿ ಎದುರುಬದುರಾಗಿ ಹಾಯದ ಮನೆಯಲ್ಲಿ ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಜೋಳದ ಹಿಟ್ಟು ಮುಗ್ಗುತ್ತದೆ, ಕಟಕ ರೊಟ್ಟಿ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಘಟ್ಟದ ಮೇಲಿನ ಗೃಹಿಣಿಗೆ ಇದು ಚಿಕ್ಕ ಸಂಗತಿಯಲ್ಲ.

ಗುಡ್ಡದ ಬುಡವನ್ನಂತೂ ಕಣ್ತೆರೆದು ನೋಡಬೇಕು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡ ಬಳಿಯ ಝರಿವಾಡದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಿನಡಿ ಸೇರಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿದು ಹಲವು ಜೀವಗಳು ಹೋದವು. ಹಿಂಬದಿಯಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದು ನಿಲ್ಲಿಸಿದ ಕಟ್ಟಡ ಎಷ್ಟೇ ಅಗ್ಗವಾಗಿದ್ದರೂ ಸಂಸಾರವಂದಿಗರಿಗೆ ಅದು ಬೇಡ.

ಶಾಂತ ನೆರೆ

ಕಾರವಾರದಲ್ಲಿ ಕಾಜುಬಾಗ, ಹಬ್ಬುವಾಡ, ಬಾಡ, ಕೋಡಿಬಾಗದಂಥ ಭಾಗಗಳನ್ನು ಕುಟುಂಬಸ್ಥರು ನೋಡುವುದುಂಟು. ಒಂದೇ ಭಾಗದೊಳಗೂ ಹೆದ್ದಾರಿಯ ಅಂಚಿನ ಮನೆಗೂ ಎರಡು ಓಣಿ ಒಳಗಿನ ಮನೆಗೂ ಅಜಗಜಾಂತರ. ಬೆಳಗ್ಗೆ ಮಕ್ಕಳು ಶಾಲೆಗೆ ಹೊರಡುವ ವೇಳೆಗೂ, ರಾತ್ರಿ ಹತ್ತರ ನಂತರವೂ, ಒಂದು ರವಿವಾರವೂ ಹೋಗಿ ಸ್ವಲ್ಪ ಹೊತ್ತು ಅಲ್ಲಿ ನಿಂತು ಬಂದರೆ ನೆರೆಯ ಗುಣ ತಿಳಿಯುತ್ತದೆ. ‘ನಮ್ಮವರು ಎಷ್ಟು ಮನೆ ಇದ್ದಾರೆ?’ ಎಂದು ಕೇಳುವುದು ಹಿರಿಯರ ವಾಡಿಕೆ. ಕೊಂಕಣಿ, ಕನ್ನಡ, ಮರಾಠಿಗಳು ಒಂದೇ ಅಂಗಳದಲ್ಲಿ ಕೇಳಿಬರುವ ಈ ಊರಿನಲ್ಲಿ ನೀರು, ಕಸ, ಮೆಟ್ಟಿಲುಗಳನ್ನು ನೇರ್ಪಾಗಿ ಹಂಚಿಕೊಳ್ಳುವ ನೆರೆಯವರೆಲ್ಲ ನಮ್ಮವರೇ.

ಕಾಗದಪತ್ರಗಳ ಕಟ್ಟು

ಕಡಲಿನ ಉಬ್ಬರದ ಗೆರೆಯಿಂದ 500 ಮೀಟರುಗಳವರೆಗಿನ ನೆಲ, ಹಾಗೂ ಉಬ್ಬರದ ನೀರೇರುವ ನದಿಗಳ ದಂಡೆ ಕರಾವಳಿ ನಿಯಂತ್ರಣ ವಲಯದ ಕಟ್ಟಳೆಗೆ ಒಳಪಡುತ್ತದೆ. 1991ರಲ್ಲಿ ಮೊದಲು ಬಂದ ಈ ಅಧಿಸೂಚನೆ 2011 ಮತ್ತು 2019ರಲ್ಲಿ ಹೊಸ ರೂಪ ಪಡೆಯಿತು. ಕಡಲು ಕಾಣುವ ಮನೆಯೆಂದು ಹಿಗ್ಗುವ ಮೊದಲು ಈ ಒಪ್ಪಿಗೆಯ ಪತ್ರವನ್ನು ಕೇಳಿರಿ. ಬಿನ್‌ಶೇತ್ಕಿ ಆದೇಶ, ಉತಾರ, ಮಂಜೂರಾದ ನಕ್ಷೆ, ಋಣಭಾರ ಪತ್ರ, ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಇವನ್ನು ಸ್ಥಳೀಯ ವಕೀಲರಿಂದ ಓದಿಸಿರಿ. 1974ರ ಭೂಸುಧಾರಣೆಯ ತರುವಾಯ ಗೇಣಿದಾರರ ಹೆಸರಿಗೆ ಬಂದ ಜಮೀನುಗಳು ಈ ತಾಲೂಕುಗಳಲ್ಲಿ ಬಹಳ. ವಾರಸುದಾರರು ಮುಂಬಯಿ, ಗೋವೆಗಳಲ್ಲಿ ಚದುರಿರುವುದೂ ಉಂಟು. ಎಲ್ಲರ ಸಹಿ ಬಿದ್ದಿದೆಯೇ ಎಂದು ನೋಡಬೇಕು.

ಇನ್ನೊಂದು ಮುಖ್ಯ ಸಂಗತಿ: 500 ಚದರ ಮೀಟರು ಮೀರದ ನಿವೇಶನದ, ಅಥವಾ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಚಿಕ್ಕ ಊರುಗಳ ಚಿಕ್ಕ ಕಟ್ಟಡಗಳು ಹೀಗೆ ನೋಂದಣಿಯ ಹೊರಗೆ ಉಳಿಯಬಹುದು. ಅಂಥಲ್ಲಿ ನಮ್ಮ ಎಚ್ಚರವೇ ನಮಗೆ ಕಾವಲು. ನೋಂದಾಯಿತ ಯೋಜನೆಯಲ್ಲಾದರೆ ಕರಾರುಪತ್ರ ನೋಂದಣಿಯಾಗುವ ಮೊದಲು ಶೇಕಡಾ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ; ಮನೆ ಕೈಸೇರಿದ ಐದು ವರ್ಷಗಳೊಳಗೆ ರಚನೆಯ ದೋಷ ಕಂಡರೆ ಕಟ್ಟಿದವರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಖರೀದಿಪತ್ರದಲ್ಲಿ ಪತಿಯ ಹೆಸರಿನೊಡನೆ ಪತ್ನಿಯ ಹೆಸರೂ ಇರಲಿ.

ಕೂಡಿ ಕಾಯುವ ಕಟ್ಟಡ

ಸಮುದ್ರದೊಡನೆ ಬಾಳುವುದನ್ನು ಶತಮಾನಗಳಿಂದ ಕಲಿತ ನೆದರ್‌ಲೆಂಡಿನಲ್ಲಿ ಮಹಡಿ ಮನೆಗಳ ಒಡೆಯರ ಸಂಘವು ದುರಸ್ತಿಗೆಂದು ಪ್ರತಿವರ್ಷ ಹಣ ಕೂಡಿಡಲೇಬೇಕು. 2018ರಿಂದ ಜಾರಿಯಲ್ಲಿರುವ ನಿಯಮದಂತೆ, ದೀರ್ಘಾವಧಿ ದುರಸ್ತಿ ಯೋಜನೆ ಇಲ್ಲದಿದ್ದರೆ ಕಟ್ಟಡವನ್ನು ಮರಳಿ ಕಟ್ಟುವ ವೆಚ್ಚದ ಶೇಕಡಾ ಅರ್ಧದಷ್ಟನ್ನಾದರೂ ತೆಗೆದಿಡಬೇಕು. ಮನೆ ಕೊಳ್ಳುವವರು ಅಲ್ಲಿ ಸಂಘದ ಲೆಕ್ಕಪುಸ್ತಕವನ್ನೂ ನೋಡುತ್ತಾರೆ. ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ ಇದೆ; ಆದರೂ ಬಣ್ಣ ಬಳಿಯುವ ಹೊತ್ತಿಗೆ ಮನೆಮನೆಗೆ ಹಣ ಬೇಡುವ ಸಂಘಗಳೇ ಹೆಚ್ಚು. ಉಪ್ಪುಗಾಳಿ, ಅತಿವೃಷ್ಟಿಗಳ ಈ ದಂಡೆಯಲ್ಲಿ ತಾರಸಿ, ಕಂಬ, ಕೊಳವೆಗಳನ್ನು ಎಲ್ಲರೂ ಕೂಡಿ ಕಾಯದಿದ್ದರೆ ಒಬ್ಬನ ಒಳಮನೆಯ ಅಂದದಿಂದ ಪ್ರಯೋಜನವಿಲ್ಲ. ಸಂಘವಿದೆಯೇ, ಅದರಲ್ಲಿ ಎಷ್ಟು ಹಣವಿದೆ, ಬಾಕಿ ಉಳಿಸಿಕೊಂಡವರೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಬೆಲೆಯ ಮಾತಿಗೆ ಮೊದಲೇ ಕೇಳಬೇಕು.

ಕಾಯಕದಿಂದ ಗಳಿಸಿದ ಹಣಕ್ಕೆ ಪಾವಿತ್ರ್ಯವಿದೆ. ಅದನ್ನು ಅವಸರದಲ್ಲಿ ಕಳೆಯಬಾರದು. ಮುಂಗಡ ಕೊಡುವ ಮುನ್ನ ಒಂದು ಮಳೆಗಾಲ ಬಾಡಿಗೆ ಮನೆಯಲ್ಲಿದ್ದು ನೋಡುವಷ್ಟು ತಾಳ್ಮೆಯುಳ್ಳವರಿಗೆ ಮಳೆ ನಿಂತ ಮೇಲೆ ಯಾವ ಮನೆ ತಮ್ಮದೆಂಬುದು ತಾನಾಗಿ ತಿಳಿಯುವುದು.