ಕ್ರಿಸ್ತಜಯಂತಿಯ ಪಂಕ್ತಿಯಲ್ಲಿ ಎಲ್ಲರಿಗೂ ಜಾಗವಿದೆಯೇ?



ಆಗಮನಕಾಲ ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಏಳುತ್ತವೆ. ಹಬ್ಬಕ್ಕೆ ಏನೇನು ಮಾಡುವುದು, ಯಾರ್‍ಯಾರನ್ನು ಕರೆಯುವುದು ಎಂಬುದು ಮೊದಲನೆಯದು. "ಸ್ವಲ್ಪ ವೈನ್ ಇರಲಿ, ಯೇಸುಸ್ವಾಮಿಯೇ ಕಾನಾ ಊರಿನ ಮದುವೆಯಲ್ಲಿ ಮಾಡಿಕೊಡಲಿಲ್ಲವೇ?" ಎಂಬುದು ಎರಡನೆಯದು. ಹೀಗೆ ಕೇಳುವವರು ಹೆಚ್ಚಾಗಿ ಗಂಡಸರು. ಕೇಳಿ ಸುಮ್ಮನಾಗುವವರು ಹೆಚ್ಚಾಗಿ ಹೆಂಗಸರು. ಆ ಮೌನಕ್ಕೆ ಕಾರಣವಿದೆ. ಆದ್ದರಿಂದ ಕಾನಾದಿಂದಲೇ ಆರಂಭಿಸೋಣ.

ಈ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಮಾತ್ರ ಬರುತ್ತದೆ. ಉಳಿದ ಮೂರರಲ್ಲಿ ಇಲ್ಲ. ಅಲ್ಲಿದ್ದ ಆರು ಕಲ್ಲಿನ ಬಾನೆಗಳಲ್ಲಿ ಒಂದೊಂದೂ ಇಂದಿನ ಅಳತೆಯಲ್ಲಿ ಸುಮಾರು 80ರಿಂದ 120 ಲೀಟರ್ ಹಿಡಿಯುತ್ತಿತ್ತು. ಆರೂ ಸೇರಿದರೆ ಕಡಿಮೆಯೆಂದರೂ 480 ಲೀಟರ್! ದೇವರು ಕೊಡುವಾಗ ಅಳೆದು ಕೊಡುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಆ ಮನೆಯ ಕೊರತೆಯನ್ನು ಮೊದಲು ಕಂಡವರು ಯಾರು? ಮಾತೆ ಮರಿಯ. ಅತಿಥಿಯಾಗಿ ಬಂದ ಆ ತಾಯಿ ಕರೆದವರ ಮಾನ ಹೋಗುವುದನ್ನು ಎಲ್ಲರಿಗಿಂತ ಮೊದಲು ಗ್ರಹಿಸಿದರು, ಸದ್ದಿಲ್ಲದೆ ಮಗನ ಕಿವಿಗೆ ಹಾಕಿದರು. ಬಾನೆಗಳಲ್ಲಿ ಏನಿತ್ತು ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಇದನ್ನು ಮರೆತರೆ ನಾವು ಕಾನಾ ಊರನ್ನು ಅರ್ಧ ಮಾತ್ರ ಓದಿದಂತೆ.

ದ್ರಾಕ್ಷಾರಸವನ್ನು ಧರ್ಮಸಭೆ ಎಂದೂ ಅಶುದ್ಧವೆಂದು ತಳ್ಳಿಲ್ಲ. ಡಿಸೆಂಬರ್ 27ರಂದು ಸಂತ ಯೊವಾನ್ನರ ಹಬ್ಬ. ಆ ದಿನ ದ್ರಾಕ್ಷಾರಸವನ್ನು ಆಶೀರ್ವದಿಸಿ ಮನೆಮಂದಿಯೆಲ್ಲ ಹಂಚಿಕೊಳ್ಳುವ ಪದ್ಧತಿ ಯುರೋಪಿನ ಕೆಲವು ನಾಡುಗಳಲ್ಲಿದೆ. ವಿಷ ಬೆರೆಸಿದ ಪಾತ್ರೆಯೂ ಆ ಸಂತರಿಗೆ ಕೇಡು ಮಾಡಲಿಲ್ಲವೆಂಬ ಐತಿಹ್ಯ ಅದರ ಹಿಂದಿದೆ. ಬಲಿಪೂಜೆಯಲ್ಲಂತೂ ದ್ರಾಕ್ಷಾರಸ ಇರಲೇಬೇಕು. ಅದು ದ್ರಾಕ್ಷಿಯಿಂದಲೇ ಆದ, ಸಹಜವಾದ, ಕೆಡದ ರಸವಾಗಿರಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಹೇಳುತ್ತದೆ.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ. ಕುಡಿತದ ಕಾಯಿಲೆಯಿಂದ ಬಳಲಿ, ಬಿಟ್ಟು, ಮತ್ತೆ ಒಂದು ಗುಟುಕೂ ಮುಟ್ಟಲಾಗದ ಗುರುಗಳಿದ್ದರೆ ಅವರೇನು ಮಾಡಬೇಕು? ಅಂಥವರು ಧರ್ಮಾಧ್ಯಕ್ಷರ ಅನುಮತಿ ಪಡೆದು 'ಮುಸ್ತುಂ' ಬಳಸಬಹುದೆಂದು ರೋಮಿನ ವಿಶ್ವಾಸ ತತ್ವಗಳ ಪೀಠ 2003ರ ಜುಲೈಯಲ್ಲಿ ಬರೆದ ಪತ್ರದಲ್ಲಿ ಸ್ಪಷ್ಟಪಡಿಸಿತು. ಮುಸ್ತುಂ ಎಂದರೆ ಹುದುಗನ್ನು ತಡೆದು ನಿಲ್ಲಿಸಿದ, ಆದರೆ ಗುಣ ಬದಲಾಗದ ದ್ರಾಕ್ಷಿ ರಸ. ಬಲಿಪೀಠದ ಮೇಲೇ ಧರ್ಮಸಭೆ ಒಬ್ಬ ದುರ್ಬಲ ಸಹೋದರನಿಗಾಗಿ ಇಷ್ಟು ದಾರಿ ಮಾಡಿಕೊಟ್ಟಿದೆ. ಹಾಗಿರುವಾಗ ನಮ್ಮ ಹಬ್ಬದ ಊಟದಲ್ಲಿ, ಕಷ್ಟಪಟ್ಟು ಕುಡಿತ ಬಿಟ್ಟವನ ಮುಂದೆ ಲೋಟ ಹಿಡಿದು "ಇವತ್ತು ಒಂದು ದಿನ ತಗೋ, ಹಬ್ಬ ಅಲ್ಲೇನು" ಎಂದು ಒತ್ತಾಯಿಸುವುದು ಯಾವ ಧರ್ಮ? ತನ್ನ ಊಟ ಪಾನಗಳಿಂದ ಸಹೋದರ ಎಡವುವುದಾದರೆ ಅದನ್ನು ಬಿಡುವುದೇ ಒಳ್ಳೆಯದೆಂದು ಸಂತ ಪೌಲರು ರೋಮಿನವರಿಗೆ ಬರೆದರು.

"ವೈನ್ ಎಂದರೆ ಸಾರಾಯಿಯಲ್ಲವಲ್ಲ ಫಾದರ್" ಎನ್ನುವವರಿದ್ದಾರೆ. ಸಾಮಾನ್ಯ ವೈನಿನಲ್ಲಿ ನೂರಕ್ಕೆ 12ರಷ್ಟು ಮದ್ಯಸಾರವಿರುತ್ತದೆ. 150 ಮಿಲಿಲೀಟರ್ ವೈನ್ ಸುಮಾರು 45 ಮಿಲಿಲೀಟರ್ ವಿಸ್ಕಿಗೆ ಸಮ. ಮನೆಯ ಭರಣಿಯಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ, ಈಸ್ಟ್ ಹಾಕಿ ವಾರಗಟ್ಟಲೆ ಇಟ್ಟ ವೈನಿನಲ್ಲಿ ಸಿಹಿಯ ಹಿಂದೆ ಅಮಲು ಅಡಗಿರುತ್ತದೆ, ಎಷ್ಟಿದೆಯೆಂದು ನಾಲಿಗೆಗೆ ಗೊತ್ತಾಗುವುದಿಲ್ಲ. 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧವೆಂಬುದೂ ನೆನಪಿರಲಿ. ಮದ್ಯಕ್ಕೆ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅದು 90 ಮಿಲಿಲೀಟರಿನ ಪೊಟ್ಟಣವಾಗಿ ಕೂಲಿಯವನ ಜೇಬಿಗೆ ಬಂತು. ಹೆಂಗಸರ ಮೌನದ ಕಾರಣ ಇದೇ.

ಇನ್ನು ಊಟದ ಮಾತು. ಇದು ಸಂತೋಷದ ಮಾತು, ಸ್ವಲ್ಪ ಹೆಚ್ಚೇ ಆಡೋಣ. ಮಂಗಳೂರಿನ ಕಡೆಯ ನಮ್ಮವರು ಕ್ರಿಸ್ಮಸ್ಸಿಗೆ 'ಕುಸ್ವಾರ್' ಮಾಡುತ್ತಾರೆ: ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ. ಹುಲಕೋಟಿಯ ತಾಯಂದಿರು ಅದನ್ನು ನೋಡಿ ತಮ್ಮ ಕೈ ಕಡಿಮೆಯೆಂದು ಭಾವಿಸಬೇಕಿಲ್ಲ. ನೆವ್ರಿ ನಮ್ಮ ಕರ್ಚಿಕಾಯಿಯ ಸ್ವಂತ ತಂಗಿ, ತುಕ್ಡಿ ನಮ್ಮ ಶಂಕರಪೋಳಿ. ಅದೇ ಹೊತ್ತಿಗೆ ಕಪ್ಪು ಮಣ್ಣಿನ ಹೊಲಗಳಲ್ಲಿ ಜೋಳ, ಕಡಲೆ ನಿಂತಿರುತ್ತವೆ; ಡಿಸೆಂಬರಿನಲ್ಲೋ ಜನವರಿಯಲ್ಲೋ ಎಳ್ಳ ಅಮಾವಾಸ್ಯೆ ಬರುತ್ತದೆ. 2019ರಲ್ಲಿ ಅದು ಕ್ರಿಸ್ಮಸ್ಸಿನ ಮರುದಿನವೇ ಬಂದಿತ್ತು, 2024ರಲ್ಲಿ ಡಿಸೆಂಬರ್ 30ಕ್ಕೆ. ನೆರೆಯವರು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಂದವರಿಗೆಲ್ಲ ಬಡಿಸುತ್ತಾರೆ. ನಮ್ಮನ್ನೂ ಕರೆಯುತ್ತಾರೆ.

ಹಾಗಾದರೆ ಅವರು ನಮ್ಮ ಮನೆಗೆ ಬಂದಾಗ? ಹುಲಕೋಟಿಯಂಥ ಊರಿನಲ್ಲಿ ನಮ್ಮವು ಕೆಲವೇ ಮನೆಗಳು. ಸುತ್ತಲಿನವರಲ್ಲಿ ಬಹಳ ಮಂದಿ ಮಾಂಸ, ಮೊಟ್ಟೆ ಮುಟ್ಟದವರು. ಕೇಕಿನಲ್ಲಿ ಮೊಟ್ಟೆಯಿದ್ದರೆ ಕೇಳುವ ಮೊದಲೇ ಹೇಳಿಬಿಡಿ. ಅವರ ತಾಟಿಗೆ ಬೇರೆ ಪಾತ್ರೆಯಲ್ಲಿ ಮಾಡಿದ ಕರ್ಚಿಕಾಯಿ, ಚಕ್ಕುಲಿ ಇಡಿ. ಆ ತಾಟು ಎಂದೂ ಬರಿದಾಗಿ ಮರಳುವುದಿಲ್ಲ, ಸಕ್ಕರೆಯನ್ನಾದರೂ ಹಾಕಿ ಕಳುಹಿಸುತ್ತಾರೆ.

ನಮ್ಮ ನಮ್ಮೊಳಗಿನ ಮಾತೂ ಒಂದಿದೆ. ಕೊರಿಂಥದ ಕ್ರೈಸ್ತರು ಒಟ್ಟಿಗೆ ಉಣ್ಣಲು ಕೂಡುತ್ತಿದ್ದರು. ಉಳ್ಳವರು ತಮ್ಮ ಬುತ್ತಿ ತಾವೇ ಬಿಚ್ಚಿ ಉಂಡು ಕುಡಿದು ಮತ್ತರಾದರೆ, ಇಲ್ಲದವರು ಹಸಿದು ಕೂರುತ್ತಿದ್ದರು. ಸಂತ ಪೌಲರು ಕಟುವಾಗಿ ಗದರಿಸಿದ್ದು ಇದಕ್ಕೇ. ಈಗಲೂ ಹಬ್ಬಕ್ಕಾಗಿ ಸಾಲ ಮಾಡುವ ಮನೆಗಳಿವೆ, ಕರೆಯಲು ನಾಚಿ ಬಾಗಿಲು ಮುಂದೆ ಮಾಡಿಕೊಳ್ಳುವ ಮನೆಗಳಿವೆ. ಇದಕ್ಕೆ ಪರಿಹಾರ ನಮ್ಮ ಗದಗ ಸೀಮೆಗೆ ಹೊಸದೇನಲ್ಲ. ಇದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಎಂಟು ಹತ್ತು ಮನೆಯವರು ಕೂಡಿ ಎಣ್ಣೆ, ಬೆಲ್ಲ, ಹಿಟ್ಟು ಒಟ್ಟಿಗೆ ತಂದು, ಒಂದೇ ಒಲೆಯಲ್ಲಿ ಕರಿದು, ಹಂಚಿಕೊಂಡರೆ ಖರ್ಚೂ ಕಡಿಮೆ, ಯಾರ ಮನೆಯ ಬಡತನವೂ ಬಯಲಾಗುವುದಿಲ್ಲ. ಹಬ್ಬದ ಮಧ್ಯಾಹ್ನ ದೇವಾಲಯದ ಅಂಗಳದಲ್ಲೇ ಪಂಕ್ತಿ ಹಾಕಬಹುದು.

ಆ ಪಂಕ್ತಿಗೆ ದ್ರಾಕ್ಷಿ ಬೇಕೇ ಬೇಕೆನ್ನುವವರು ಹೀಗೆ ಮಾಡಿ. ಕಪ್ಪು ದ್ರಾಕ್ಷಿಯನ್ನು ಚೆನ್ನಾಗಿ ತೊಳೆದು, ಮುಳುಗುವಷ್ಟು ನೀರಿನಲ್ಲಿ ಸಿಪ್ಪೆ ಬಿಡುವ ತನಕ ಕುದಿಸಿ, ಹಿಸುಕಿ ಸೋಸಿ, ಬೆಲ್ಲ, ಏಲಕ್ಕಿ, ಚಿಟಿಕೆ ಶುಂಠಿ ಪುಡಿ ಹಾಕಿ ತಣಿಸಿ. ಮಕ್ಕಳೂ ಮುದುಕರೂ ನೆರೆಯವರೂ ಒಂದೇ ಪಾತ್ರೆಯಿಂದ ಕುಡಿಯಬಹುದು. ಅಂದೇ ಖಾಲಿ ಮಾಡಿಬಿಡಿ. ಭರಣಿಯಲ್ಲಿ ಮುಚ್ಚಿಟ್ಟು ಮರೆತರೆ ಅದೂ ಹುಳಿಯೇರಿ ವೈನಿನ ದಾರಿ ಹಿಡಿದೀತು.