ಅಂಚಿನ ಬಿಲದ ಏಡಿ, ಕಡಲ ಗುಹೆಯ ನೆಂಟರು

ಮೃಗಶಿರಾ ಮಳೆ ಹಿಡಿದು ಗದ್ದೆಯಂಚಿನಲ್ಲಿ ನೀರು ತುಳುಕತೊಡಗಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಲ್ಲಿ ಹುಡುಗರು ರಾತ್ರಿ ಮನೆಯಲ್ಲಿ ನಿಲ್ಲುವುದಿಲ್ಲ. ಹಿಂದೆ ಸೂಡಿ ಹಿಡಿದು ಹೋಗುತ್ತಿದ್ದರು, ಆಮೇಲೆ ಬ್ಯಾಟರಿ ಬಂತು. ಬೆಳಕಿಗೆ ಬೆದರಿ ನಿಂತ ಏಡಿಯನ್ನು ಬೆನ್ನಿನ ಮೇಲಿಂದ ಅಮುಕಿ ಹಿಡಿದು, ಮಗುಚಿ ನೋಡಿ, ಹೊಟ್ಟೆಯಡಿಯಲ್ಲಿ ಮರಿಗಳು ಗಿಜಿಗುಟ್ಟುತ್ತಿದ್ದರೆ "ಮರಿ ಏಡಿ ಕಣೋ, ಬಿಡು ಅದನ್ನ" ಎನ್ನುವ ಅಜ್ಜಯ್ಯಂದಿರು ಇದ್ದರು. ಅವರು ಕರುಣೆಯಿಂದ ಹೇಳಿದ ಆ ಮಾತಿನ ಹಿಂದೆ ದೊಡ್ಡದೊಂದು ಜೀವವಿಕಾಸದ ಕಥೆಯಿದೆ.

ಸಮುದ್ರದ ಏಡಿ ಹೀಗೆ ಮರಿಗಳನ್ನು ಹೊತ್ತು ತಿರುಗುವುದಿಲ್ಲ. ಅದರ ಮೊಟ್ಟೆಗಳು ಲಕ್ಷಗಟ್ಟಲೆ. ಒಡೆದು ಹೊರಬರುವ ಡಿಂಭಗಳು ನೀರಿನಲ್ಲಿ ತೇಲುತ್ತಾ ಎಲ್ಲೆಲ್ಲಿಗೋ ಹೋಗುತ್ತವೆ. ಸಿಹಿನೀರಿನ ಏಡಿಗೆ ಆ ಸೌಕರ್ಯವಿಲ್ಲ. ತೇಲಿಬಿಟ್ಟರೆ ಮಳೆಗಾಲದ ಹಳ್ಳ ಎಲ್ಲವನ್ನೂ ಕೊಚ್ಚಿಕೊಂಡು ಹೋದೀತು. ಆದ್ದರಿಂದ ಮೊಟ್ಟೆ ಕಡಿಮೆ, ಗಾತ್ರ ದೊಡ್ಡದು. ಡಿಂಭದ ಹಂತವೆಲ್ಲ ಮೊಟ್ಟೆಯೊಳಗೇ ಮುಗಿದು, ಅಮ್ಮನದೇ ಪುಟ್ಟ ಪಡಿಯಚ್ಚಾಗಿ ಮರಿ ಹೊರಬರುತ್ತದೆ.

ಇದರ ಪರಿಣಾಮ ನೋಡಿ. ತೇಲಿ ಹೋಗದ ಮರಿ ಹುಟ್ಟಿದ ಹಳ್ಳದ ಆಸುಪಾಸಿನಲ್ಲೇ ಉಳಿಯುತ್ತದೆ. ನಡುವೆ ಒಂದು ಒಣ ಗುಡ್ಡ ಬಂದರೆ ಆಚೆಯ ಹಳ್ಳದ ಏಡಿಗೂ ಈಚೆಯದಕ್ಕೂ ಸಂಬಂಧ ತಪ್ಪುತ್ತದೆ. ಸಾವಿರಾರು ತಲೆಮಾರು ಕಳೆದ ಮೇಲೆ ಎರಡೂ ಬೇರೆ ಬೇರೆ ಜಾತಿಗಳು! ಭಾರತದಲ್ಲಿ ನೂರಕ್ಕೂ ಹೆಚ್ಚು ಸಿಹಿನೀರು ಏಡಿಗಳಿದ್ದು, ಪಶ್ಚಿಮಘಟ್ಟವೇ ಅವುಗಳ ದೊಡ್ಡ ತವರು. ಘಟಿಯಾನ ಎಂಬ ಕುಲಕ್ಕೆ ಹೆಸರಿಟ್ಟದ್ದೇ 2014ರಲ್ಲಿ. ಅದರಲ್ಲಿ ಎರಡು ಬಣ್ಣದ 'ದ್ವಿವರ್ಣ' ಯಲ್ಲಾಪುರದ ಕಡೆ ಸಿಕ್ಕಿ, 2022ರಲ್ಲಿ ಲೋಕಕ್ಕೆ ಪರಿಚಯವಾಯಿತು.

ಈಗ ಕಡಲಿನ ಹವಳದ ದಿಬ್ಬಗಳಿಗೆ ಬನ್ನಿ. ಅಲ್ಲಿಯ ಕತ್ತಲೆ ಗುಹೆಗಳಲ್ಲಿ ಏಡಿ, ಸೀಗಡಿಗಳ ದೂರದ ನೆಂಟರಾದ ಆಸ್ಟ್ರಕಾಡ್‌ಗಳಿವೆ. ಎರಡು ಚಿಪ್ಪಿನ ನಡುವೆ ಮೈ ಮುದುಡಿಕೊಂಡ, ಸಾಸಿವೆ ಕಾಳಿಗಿಂತ ಚಿಕ್ಕ ಜೀವಿಗಳು. ಡೇನಿಯಲೊಪೊಲಿನ ಎಂಬ ಗುಹಾವಾಸಿ ಕುಲದ ಸಮೀಪ ಬಂಧುಗಳು ಡೈನೋಸಾರ್‌ಗಳಿದ್ದ ಜುರಾಸಿಕ್ ಕಾಲದ ಕಲ್ಲುಗಳಲ್ಲಿ ಪಳೆಯುಳಿಕೆಯಾಗಿ ಸಿಕ್ಕಿವೆ. ಬಹಾಮಾ ದ್ವೀಪದ ಸುಣ್ಣಕಲ್ಲಿನ ನೀರುಗುಹೆಯಲ್ಲಿ 1979ರಲ್ಲಿ ಜಿಲ್ ಯೇಗರ್ ಎಂಬಾಕೆ ಮುಳುಗು ಹಾಕಿದಾಗ ಕಂಡ ರೆಮಿಪೀಡ್ ಇನ್ನೂ ವಿಚಿತ್ರ. ಕಣ್ಣಿಲ್ಲ, ಬಣ್ಣವಿಲ್ಲ, ಜರಿಹುಳುವಿನಂತೆ ಸಾಲು ಕಾಲು, ಸಾಲದ್ದಕ್ಕೆ ವಿಷ ಬೇರೆ.

ಗುಹೆಯಲ್ಲಿ ಕಣ್ಣು ಹೋಗುವುದು 'ಬಳಸದೆ ಸವೆದದ್ದರಿಂದ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಸರಿಯಲ್ಲ. ಬೆಳಕಿನಲ್ಲಿ ಕಣ್ಣು ಕೆಟ್ಟ ಮರಿ ಯಾರದೋ ಬಾಯಿಗೆ ತುತ್ತಾಗುತ್ತದೆ, ಅದರ ದೋಷ ಅಲ್ಲಿಗೆ ಮುಗಿಯಿತು. ಕತ್ತಲಲ್ಲಿ ಕುರುಡನೂ ಕಣ್ಣುಳ್ಳವನೂ ಸಮಾನರು. ದೋಷ ತಲೆಮಾರಿನಿಂದ ತಲೆಮಾರಿಗೆ ಉಳಿದುಕೊಳ್ಳುತ್ತದೆ. ಕಣ್ಣಿಗೆ ಖರ್ಚಾಗುವ ಶಕ್ತಿ ಉಳಿದರೆ ಅದೂ ಒಂದು ಲಾಭವೇ.

ಕಡಲಿನವರೆಗೆ ಹೋಗಬೇಕಿಲ್ಲ, ಬಾವಿಯೂ ಒಂದು ಗುಹೆಯೇ. ರತ್ನಾಗಿರಿಯ ಬಾವಿಯೊಂದರ ಕುರುಡು ಸೀಗಡಿಯನ್ನು ವಿಜ್ಞಾನಿಗಳು 1979ರಲ್ಲಿ ಹೊಸ ಕುಲವೆಂದೇ ವರ್ಣಿಸಿದರು. ಆಂಧ್ರದ ಗುಂಟೂರು ಸೀಮೆಯ ಗುತ್ತಿಕೊಂಡ ಗುಹೆಯ ಕುರುಡು ಜೀವಿಯೊಂದಕ್ಕೆ 2011ರಲ್ಲಿ ಹೆಸರಿಟ್ಟಾಗ, ಅದರ ಹತ್ತಿರದ ನೆಂಟ ಇದ್ದದ್ದು ಆಸ್ಟ್ರೇಲಿಯದ ನೆಲದಡಿಯ ನೀರಿನಲ್ಲಿ! ಎರಡೂ ಭೂಭಾಗಗಳು ಗೊಂಡ್ವಾನವಾಗಿ ಕೂಡಿದ್ದ ದಿನಗಳ ಸಾಕ್ಷಿ ಅದು. ನಮ್ಮ ಏಡಿ ಮಾತ್ರ ಅಷ್ಟು ಹಳೆಯ ನಿವಾಸಿಯಲ್ಲ. 2010ರ ಒಂದು ಅಧ್ಯಯನದ ಪ್ರಕಾರ ಇವುಗಳ ಪೂರ್ವಜರು ಆಗ್ನೇಯ ಏಷ್ಯದಿಂದ, ಸುಮಾರು ಐದು ಕೋಟಿ ವರ್ಷಗಳ ಹಿಂದಿನ ಆಸುಪಾಸಿನಲ್ಲಿ, ಉತ್ತರಕ್ಕೆ ಸರಿಯುತ್ತಿದ್ದ ಭಾರತದ ನೆಲಕ್ಕೆ ಬಂದವು.

ಗದ್ದೆಯ ನೀರಿನಲ್ಲೂ ಆಸ್ಟ್ರಕಾಡ್‌ಗಳಿವೆ. ಒಂದು ಲೋಟ ಕೆಸರುನೀರನ್ನು ಬಿಸಿಲಿಗೆ ಹಿಡಿದು ನೋಡಿ, ಕಾಳಿನಂಥ ಚುಕ್ಕೆಗಳು ಓಡಾಡುತ್ತವೆ. ಇವುಗಳಲ್ಲಿ ಹಲವು ಜಾತಿಗಳ ಮೊಟ್ಟೆ ಬೇಸಿಗೆಯ ಒಣ ಮಣ್ಣಿನಲ್ಲೂ ಬದುಕಿರುತ್ತದೆ. ಗಾಳಿಯಲ್ಲಿ, ಕೊಕ್ಕರೆಯ ಕಾಲಿನ ಕೆಸರಿನಲ್ಲಿ ಊರೂರು ಸುತ್ತುತ್ತದೆ. ಗದ್ದೆ ಹಾಳಾದರೂ ಅವಕ್ಕೆ ಇನ್ನೊಂದು ಗದ್ದೆಯುಂಟು. ಒಂದೇ ಹಳ್ಳಕ್ಕೆ ಒಗ್ಗಿದ ಏಡಿಗೆ ಇನ್ನೊಂದು ಹಳ್ಳವಿಲ್ಲ.

ಮಲೆನಾಡಿನ ಹೊಸ ಚಿಂತೆ ಇರುವುದು ಇಲ್ಲೇ. ಗದ್ದೆಗಳು ಅಡಿಕೆ ತೋಟವಾಗುತ್ತಿವೆ, ಅಂಚುಗಳು ಮಾಯವಾಗುತ್ತಿವೆ. ತೋಟಕ್ಕೆ ಕೊಳೆರೋಗದ ಬೋರ್ಡೋ ದ್ರಾವಣ ಬೇಕೇ ಬೇಕು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಕೋಲ್ಮನ್ ರೂಢಿಗೆ ತಂದ ಈ ಮದ್ದು ಎಷ್ಟೋ ಮನೆಗಳ ಅನ್ನ ಉಳಿಸಿದೆ, ಅದನ್ನು ಬೈಯುವುದು ಕೃತಘ್ನತೆ. ಆದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು ಬೀಳುತ್ತದೆ. ಅದರ ತಾಮ್ರ ಹಳ್ಳಕ್ಕಿಳಿದರೆ ಏಡಿ, ಸೀಗಡಿ ಬಳಗಕ್ಕೆ ವಿಷ. ಏಡಿಯ ರಕ್ತದಲ್ಲಿ ಉಸಿರು ಹೊರುವುದೂ ತಾಮ್ರವೇ ಎಂಬುದೊಂದು ವಿಪರ್ಯಾಸ!

ಡ್ರಮ್ಮನ್ನು ಹಳ್ಳದ ದಂಡೆಯಲ್ಲಿ ತೊಳೆಯದೆ ತೋಟದೊಳಗೇ ತೊಳೆಯುವುದು, ಉಳಿದ ದ್ರಾವಣವನ್ನು ಕಾಲುವೆಗೆ ಚೆಲ್ಲದಿರುವುದು ಕಷ್ಟದ ಕೆಲಸವೇನಲ್ಲ. ಮನೆಯ ಹಳೆಯ ಬಾವಿಗೆ ಮಣ್ಣು ತುಂಬುವ ಮುನ್ನ ನಾಲ್ಕು ಕೊಡ ನೀರನ್ನು ತೆಳ್ಳನೆಯ ಬಿಳಿಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬಹುದು. ಬಣ್ಣವಿಲ್ಲದ, ಕಣ್ಣಿಲ್ಲದ ಏನಾದರೂ ಅಲ್ಲಿ ಅಲುಗಿದರೆ ಮಣ್ಣಿನ ಲಾರಿಯನ್ನು ಒಂದು ವಾರ ತಡೆದು, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟರಿಗೆ ಹೇಳಿಕಳಿಸಿ.